ಅಪ್ಪ ಅಮ್ಮನ ಜೊತೆ ಸ್ವಿಸ್ ರೈಲು ಪ್ರವಾಸ: ಒಂದೇ ಊರು, ಏಳು ರಾತ್ರಿ

ಹೋದ ವಾರ ಒಬ್ಬರು ಕೇಳಿದ್ದರು: "ಅಪ್ಪನಿಗೆ 74, ಅಮ್ಮನಿಗೆ 69. ಜೂನ್‌ನಲ್ಲಿ ಊರಿಂದ ಬರ್ತಿದ್ದಾರೆ. ಆರು ದಿನದಲ್ಲಿ ಸ್ವಿಟ್ಜರ್‌ಲೆಂಡ್‌ನಲ್ಲಿ ಏನೇನು ತೋರಿಸಬಹುದು?" ಅದಕ್ಕೆ ಬಂದ ಉತ್ತರಗಳನ್ನು ಓದಿ ನನಗೆ ನಿಜಕ್ಕೂ ಆತಂಕವಾಯಿತು. ಜ್ಯೂರಿಕ್, ಲೂಸರ್ನ್, ಟಿಟ್ಲಿಸ್, ಯೂಂಗ್‌ಫ್ರೌಯೋಕ್, ಜೆರ್ಮಾಟ್. ದಿನಕ್ಕೊಂದು ಊರು, ದಿನಕ್ಕೊಂದು ಹೋಟೆಲ್. 2019ರಲ್ಲಿ ನಮ್ಮ ಅಪ್ಪ ಅಮ್ಮ ಬಂದಾಗ ನಾನು ಮಾಡಿದ್ದೂ ಇದೇ ಪಟ್ಟಿ.

ಆಗ ಮಗಳಿಗೆ ನಾಲ್ಕು ವರ್ಷ, ಮಗ ಕೈಗೂಸು. ಮೂರನೇ ದಿನ ಬೆಳಿಗ್ಗೆ ಎಲ್ಲರನ್ನೂ ಆರು ಗಂಟೆಗೆ ಎಬ್ಬಿಸಿ ಯೂಂಗ್‌ಫ್ರೌಯೋಕ್‌ಗೆ ಕರೆದುಕೊಂಡು ಹೋದೆವು. ಅದು 3454 ಮೀಟರ್ ಎತ್ತರದಲ್ಲಿರುವ ಬೆಟ್ಟದ ರೈಲು ನಿಲ್ದಾಣ. ರೈಲಿನಿಂದ ಇಳಿದು ಇಪ್ಪತ್ತು ಹೆಜ್ಜೆ ನಡೆಯುವಷ್ಟರಲ್ಲಿ ಅಮ್ಮ ಗೋಡೆ ಹಿಡಿದು ನಿಂತರು. ತಲೆ ಸುತ್ತು, ಎದೆಯಲ್ಲಿ ಭಾರ. ಮುಂದಿನ ರೈಲಿಗೆ ಕೆಳಗೆ ಇಳಿಸಿಕೊಂಡು ಬಂದೆವು. ಕೆಳಗೆ ಬಂದ ಮೇಲೆ ಸರಿಹೋಯಿತು. ಆದರೆ ಆ ಅರ್ಧ ಗಂಟೆ ನಾನು ಇವತ್ತಿಗೂ ಮರೆತಿಲ್ಲ. ಅಮ್ಮ ಮಾತ್ರ "ನನ್ನಿಂದ ನಿಮ್ಮ ದುಡ್ಡು ಹಾಳಾಯ್ತು" ಅಂತ ಮೂರು ದಿನ ಅಂದರು. ಅದಕ್ಕಿಂತ ಬೇಸರದ ವಿಷಯ ಏನಿದೆ ಹೇಳಿ.

ಎತ್ತರದ ಲೆಕ್ಕ ನಮ್ಮವರಿಗೆ ಅರ್ಥವಾಗುವ ಹಾಗೆ ಹೇಳುತ್ತೇನೆ. ಕರ್ನಾಟಕದಲ್ಲೇ ಎತ್ತರದ ಮುಳ್ಳಯ್ಯನಗಿರಿ ಸುಮಾರು 1930 ಮೀಟರ್. ಯೂಂಗ್‌ಫ್ರೌಯೋಕ್ ಅದಕ್ಕಿಂತ ಇನ್ನೂ ಒಂದೂವರೆ ಸಾವಿರ ಮೀಟರ್ ಮೇಲೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಭಾಗದಷ್ಟು ಮಾತ್ರ. ಈಗಂತೂ 2020ರಲ್ಲಿ ಶುರುವಾದ ಐಗರ್ ಎಕ್ಸ್‌ಪ್ರೆಸ್ ಕೇಬಲ್ ಕಾರ್ ಗ್ರಿಂಡೆಲ್‌ವಾಲ್ಡ್‌ನಿಂದ 15 ನಿಮಿಷದಲ್ಲಿ 2300 ಮೀಟರ್ ಎತ್ತರಕ್ಕೆ ಒಯ್ದುಬಿಡುತ್ತದೆ. ಸಮಯ ಉಳಿಯುತ್ತದೆ ನಿಜ. ಆದರೆ ಎಪ್ಪತ್ತು ದಾಟಿದ, ಬಿಪಿ ಮಾತ್ರೆ ತೆಗೆದುಕೊಳ್ಳುವ ದೇಹಕ್ಕೆ ಹೊಂದಿಕೊಳ್ಳಲು ಅಷ್ಟು ಸಮಯ ಸಾಲುವುದಿಲ್ಲ. ಹೋಗಲೇಬೇಕು ಅಂತ ಅವರಿಗೇ ಆಸೆಯಿದ್ದರೆ, ಊರಿನ ಡಾಕ್ಟರನ್ನು ಕೇಳಿಕೊಂಡೇ ಹೊರಡಲಿ.

2024ರ ಜೂನ್‌ನಲ್ಲಿ ಅಪ್ಪ ಅಮ್ಮ ಮತ್ತೆ ಬಂದಾಗ ಪಟ್ಟಿಯನ್ನೇ ಬಿಟ್ಟೆವು. ಬ್ರಿಯೆಂಟ್ಸ್ ಅನ್ನುವ ಒಂದೇ ಊರಿನಲ್ಲಿ, ಅಡುಗೆಮನೆ ಇರುವ ಒಂದು ಮನೆಯಲ್ಲಿ ಏಳು ರಾತ್ರಿ ಇದ್ದೆವು. ಯಾಕೆ ಬ್ರಿಯೆಂಟ್ಸ್ ಅಂದರೆ, ಅಲ್ಲಿ ರೈಲು ನಿಲ್ದಾಣ, ಹಡಗಿನ ಕಟ್ಟೆ, ಬೆಟ್ಟದ ರೈಲಿನ ನಿಲ್ದಾಣ ಮೂರೂ ಒಂದೇ ಕಡೆ ಇವೆ. ಸರೋವರದ ದಂಡೆ ಸಮತಟ್ಟು. ಅಪ್ಪನ ಮಂಡಿಗೆ ಅದೇ ಮುಖ್ಯವಾಗಿತ್ತು. ಮೊದಲು ಶ್ಪೀಟ್ಸ್ ನೋಡಿದ್ದೆವು. ತುಂಬಾ ಚಂದದ ಊರು, ರೈಲೂ ಜಾಸ್ತಿ. ಆದರೆ ಅಲ್ಲಿ ನಿಲ್ದಾಣ ಮೇಲೆ, ನೀರು ಕೆಳಗೆ. ದಿನಾ ಆ ಇಳಿಜಾರು ಹತ್ತಿ ಇಳಿಯುವುದು ಅವರಿಗೆ ಆಗುತ್ತಿರಲಿಲ್ಲ. ನಕ್ಷೆಯಲ್ಲಿ "500 ಮೀಟರ್" ಅಂತ ಮಾತ್ರ ಕಾಣುತ್ತದೆ, ಏರು ಕಾಣುವುದಿಲ್ಲ. ಬುಕ್ ಮಾಡುವ ಮೊದಲು ಅದನ್ನು ನೋಡಿ. ಲಿಫ್ಟ್ ಇದೆಯಾ ಅಂತಲೂ ಕೇಳಿ.

ನಾವು ಹೊರಟದ್ದು ಜರ್ಮನಿಯಲ್ಲಿ ನಮ್ಮ ಮನೆಯಿರುವ ಫ್ರೈಬುರ್ಗ್‌ನಿಂದ. ಗಡಿ ದಾಟಿ ಬರುವ ರೈಲು ತಡವಾಗುವುದು ನಿಮಗೆಲ್ಲ ಗೊತ್ತೇ ಇದೆ. ಅದಕ್ಕೆ ಬಾಸೆಲ್‌ನಲ್ಲಿ ರೈಲು ಬದಲಿಸಲು ಹತ್ತೇ ನಿಮಿಷ ಇಟ್ಟುಕೊಳ್ಳಬೇಡಿ. ಆಮೇಲೆ ಸ್ವಿಸ್ ಕಡೆ ಗಾಬರಿಯೇ ಇಲ್ಲ. ಅಲ್ಲಿ 1982ರಿಂದ ದೇಶಕ್ಕೆಲ್ಲ ಒಂದೇ ಲಯದ ವೇಳಾಪಟ್ಟಿ. ಈ ಗಂಟೆ ಆರು ನಿಮಿಷಕ್ಕೆ ಹೊರಟ ರೈಲು ಮುಂದಿನ ಗಂಟೆಯೂ ಆರು ನಿಮಿಷಕ್ಕೇ ಹೊರಡುತ್ತದೆ. ಸಾಮಾನ್ಯ ರೈಲುಗಳಿಗೆ ಸೀಟು ಕಾದಿರಿಸಬೇಕಾಗಿಯೂ ಇಲ್ಲ. ಹಿರಿಯರ ಜೊತೆ ಹೋಗುವಾಗ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ. ಅಮ್ಮನಿಗೆ ಶೌಚಾಲಯಕ್ಕೆ ಹೋಗಬೇಕಾ, ಅಪ್ಪನಿಗೆ ಇನ್ನೊಂದು ಕಾಫಿ ಬೇಕಾ, ಹೋಗಿ ಬರಲಿ. ರೈಲು ಹೋದರೆ ಇನ್ನೊಂದು ಬರುತ್ತದೆ. "ಬೇಗ ಬೇಗ" ಅನ್ನುವ ಮಾತನ್ನು ಆ ವಾರ ಯಾರೂ ಆಡಬಾರದು ಅಂತ ಮಕ್ಕಳಿಗೂ ಹೇಳಿದ್ದೆ. ಶೌಚಾಲಯದ ವಿಷಯ ಸಂಕೋಚವಿಲ್ಲದೆ ಹೇಳುತ್ತೇನೆ. ದೊಡ್ಡ ನಿಲ್ದಾಣಗಳಲ್ಲಿ ಹೆಚ್ಚಾಗಿ ದುಡ್ಡು ಕೊಡಬೇಕು, ಹುಡುಕಬೇಕು. ರೈಲಿನಲ್ಲೂ ಹಡಗಿನಲ್ಲೂ ಉಚಿತ. ಇಳಿಯುವ ಹತ್ತು ನಿಮಿಷ ಮೊದಲು ನೆನಪಿಸಿ.

ಲೂಸರ್ನ್‌ನಲ್ಲಿ ಎರಡು ಗಂಟೆ ನಿಂತೆವು. ನಿಲ್ದಾಣದಿಂದ ಹೊರಗೆ ಬಂದರೆ ಎದುರಿಗೇ ಸರೋವರ, ಆ ಹಳೆಯ ಮರದ ಸೇತುವೆಯೂ ಪಕ್ಕದಲ್ಲೇ. ಅಲ್ಲಿಂದ ಲೂಸರ್ನ್–ಇಂಟರ್‌ಲಾಕನ್ ಎಕ್ಸ್‌ಪ್ರೆಸ್. ಹೊರಡುವಾಗ ಬಲಗಡೆಯ ಕಿಟಕಿ ಹಿಡಿಯಿರಿ. ಸಾರ್ನನ್ ಸರೋವರ, ಲುಂಗರ್ನ್ ಸರೋವರ ಎರಡೂ ಆ ಕಡೆಗೇ. ಬ್ರೂನಿಗ್ ಕಣಿವೆ ದಾಟಿ ಮೈರಿಂಗನ್‌ನಲ್ಲಿ ರೈಲು ದಿಕ್ಕು ಬದಲಿಸುತ್ತದೆ. ಹಾಗಾಗಿ ಬ್ರಿಯೆಂಟ್ಸ್ ಸರೋವರ ಎಡಕ್ಕಿದ್ದರೂ ನಿಮ್ಮದೇ ಕಿಟಕಿಗೆ ಬರುತ್ತದೆ. ಯಾರೂ ಏಳಬೇಕಾಗಿಲ್ಲ. ಎರಡಂತಸ್ತಿನ ರೈಲು ಸಿಕ್ಕರೆ ಹಿರಿಯರನ್ನು ಕೆಳಗಿನ ಅಂತಸ್ತಿನಲ್ಲೇ ಕೂರಿಸಿ, ಮೆಟ್ಟಿಲು ತಪ್ಪುತ್ತದೆ. ಕೆಲವು ದೂರದ ರೈಲುಗಳಲ್ಲಿ ಮೇಲಿನ ಅಂತಸ್ತಿನಲ್ಲಿ ಮಕ್ಕಳಿಗೆ ಆಟದ ಜಾಗ ಇರುತ್ತದೆ. ಮಕ್ಕಳ ಜೊತೆ ನೀವು ಒಬ್ಬರು ಮೇಲೆ ಹೋದರೆ ಸಾಕು.

ದಿನಕ್ಕೆ ಒಂದೇ ಕೆಲಸ ಅಂತ ಇಟ್ಟುಕೊಂಡಿದ್ದೆವು. ಬೆಳಿಗ್ಗೆ ಹತ್ತಕ್ಕೆ ಹೊರಟು, ಮಧ್ಯಾಹ್ನ ಮೂರಕ್ಕೆ ಮನೆ. ಆಮೇಲೆ ನಿದ್ದೆ. ಜೂನ್‌ನಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕು, ಸಂಜೆ ದಂಡೆಯಲ್ಲಿ ಓಡಾಡಲು ಬೇಕಾದಷ್ಟು ಹೊತ್ತು ಸಿಗುತ್ತದೆ.

ಮೊದಲ ದಿನ ಹಡಗು ಮಾತ್ರ. ಬ್ರಿಯೆಂಟ್ಸ್‌ನಿಂದ ಇಂಟರ್‌ಲಾಕನ್ ಓಸ್ಟ್‌ಗೆ ಒಂದೂಕಾಲು ಗಂಟೆ. ಆ ಸರೋವರದಲ್ಲಿ 1914ರ ಒಂದು ಉಗಿ ಹಡಗು ಇನ್ನೂ ಓಡುತ್ತದೆ. ಒಳಗೆ ಎಂಜಿನ್ ತಿರುಗುವುದನ್ನು ನೋಡಬಹುದು. ಅಪ್ಪ ಅದರ ಮುಂದೆಯೇ ನಿಂತುಬಿಟ್ಟರು. ಇನ್ನೊಂದು ದಿನ ಎದುರು ದಂಡೆಯ ಗೀಸ್‌ಬಾಖ್ ಜಲಪಾತ. ಹಡಗು ಇಳಿದ ಕಡೆಯಿಂದಲೇ 1879ರ ಪುಟ್ಟ ಹಗ್ಗದ ರೈಲು ಮೇಲಕ್ಕೆ ಕರೆದೊಯ್ಯುತ್ತದೆ. ಜಲಪಾತದ ಎದುರು ಬೆಂಚಿನಲ್ಲಿ ಕೂತು ಅಮ್ಮ, "ನಮ್ಮ ಆಗುಂಬೆ ಕಡೆ ಮಳೆಗಾಲದಲ್ಲಿ ಇದ್ದ ಹಾಗೇ ಇದೆ, ಚಳಿ ಮಾತ್ರ ಬೇರೆ" ಅಂದರು.

ಬೆಟ್ಟ ಬೇಡವೇ ಬೇಡ ಅಂತಲ್ಲ. ಶೀನಿಗೆ ಪ್ಲಾಟ್ಟೆ ಅನ್ನುವ ಬೆಟ್ಟಕ್ಕೆ ಹೋದೆವು. 1967 ಮೀಟರ್, ಹೆಚ್ಚು ಕಡಿಮೆ ನಮ್ಮ ಮುಳ್ಳಯ್ಯನಗಿರಿಯಷ್ಟೇ. ವಿಲ್ಡರ್ಸ್‌ವಿಲ್‌ನಿಂದ ಹಲ್ಲುಚಕ್ರದ ರೈಲು, 1893ರಿಂದ ಇರುವುದು, ಸುಮಾರು 50 ನಿಮಿಷ ನಿಧಾನವಾಗಿ ಹತ್ತುತ್ತದೆ. ಮೇಲೆ ಐಗರ್, ಮೋಂಖ್, ಯೂಂಗ್‌ಫ್ರೌ ಮೂರೂ ಶಿಖರ ಎದುರಿಗೇ ನಿಲ್ಲುತ್ತವೆ. ಅಮ್ಮ ಆರಾಮಾಗಿ ಉಸಿರಾಡಿದರು. ಐದು ವರ್ಷದ ಹಿಂದೆ ತಲೆಸುತ್ತು ಬಂದ ಜಾಗವನ್ನು ದೂರದಿಂದ ತೋರಿಸಿದೆ. "ಇಲ್ಲಿಂದಲೇ ಚೆನ್ನಾಗಿ ಕಾಣ್ತದಲ್ಲ" ಅಂದರು. ಆ ರೈಲು ಬೇಸಿಗೆಯಲ್ಲಿ ಮಾತ್ರ ಓಡುತ್ತದೆ. ಡಬ್ಬಿಗಳು ಹಳೆಯವು, ಹತ್ತುವ ಮೆಟ್ಟಿಲು ಎತ್ತರ. ಒಬ್ಬರು ಕೈ ಹಿಡಿಯಬೇಕು.

ಅಪ್ಪನಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಬಾಲೆನ್‌ಬರ್ಗ್. ಸ್ವಿಟ್ಜರ್‌ಲೆಂಡ್‌ನ ಬೇರೆ ಬೇರೆ ಕಡೆಯ 100ಕ್ಕೂ ಹೆಚ್ಚು ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿರುವ ಬಯಲು ವಸ್ತುಸಂಗ್ರಹಾಲಯ ಅದು. 1978ರಲ್ಲಿ ಶುರುವಾಯಿತು. ಬ್ರಿಯೆಂಟ್ಸ್‌ನಿಂದ ಬಸ್ ಇದೆ. ಅಪ್ಪ ಅಡಿಕೆ ಬೆಳೆಗಾರರು, ಮನೆಯಲ್ಲಿ ಈಗಲೂ ಎರಡು ಹಸು ಇವೆ. ಅಲ್ಲಿಯ ಕೊಟ್ಟಿಗೆ, ಹುಲ್ಲಿನ ಅಟ್ಟ, ಹೊಗೆ ಹಿಡಿದ ಅಡುಗೆಮನೆ ನೋಡಿ ಅವರ ಬಾಯಿಗೆ ಮಾತು ಬಂತು. ಮೊಮ್ಮಕ್ಕಳಿಗೆ ಕೊಟ್ಟಿಗೆಯ ಒಂದೊಂದು ವಸ್ತು ತೋರಿಸಿ ಕನ್ನಡದಲ್ಲಿ ಹೆಸರು ಹೇಳಿಕೊಟ್ಟರು. ಗೊಂತು, ಕಣ್ಣಿ, ಬಾನಿ. ಜಾಗ ದೊಡ್ಡದು, ಪೂರ್ತಿ ನೋಡಲು ಹೋಗಬೇಡಿ. ನಾವು ಕಾಲು ಭಾಗ ನೋಡಿ ವಾಪಸ್ ಬಂದೆವು.

ನನ್ನ ಮಟ್ಟಿಗೆ ಪ್ರವಾಸದ ಮುಖ್ಯ ವಿಷಯ ಇಲ್ಲಿದೆ. ನಮ್ಮ ಮಕ್ಕಳು ಶಾಲೆಯಲ್ಲಿ ಜರ್ಮನ್, ತಮ್ಮತಮ್ಮಲ್ಲೂ ಜರ್ಮನ್. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಬೇರೆ ಭಾಷೆಯಲ್ಲಿ ಬರುತ್ತದೆ. ಫ್ರೈಬುರ್ಗ್ ಮನೆಯಲ್ಲಿ ಅಜ್ಜ ಅಜ್ಜಿ ಬಂದರೂ ಶಾಲೆ, ಆಟ, ಸ್ನೇಹಿತರು ಅಂತ ದಿನ ಕಳೆದುಹೋಗುತ್ತದೆ. ರೈಲಿನಲ್ಲಿ ಹಾಗಲ್ಲ. ನಾಲ್ಕು ಸೀಟು ಎದುರುಬದುರು, ನಡುವೆ ಒಂದು ಸಣ್ಣ ಮೇಜು. ಅಮ್ಮ ಬಟ್ಟೆಯ ಮೇಲೆ ಚೌಕಾಬಾರದ ಮನೆ ಹೊಲಿದು ತಂದಿದ್ದರು. ಅಪ್ಪನ ಹತ್ತಿರ ಒಂದು ನೋಟ್‌ಬುಕ್ ಇತ್ತು. ದಿನಾ ಬ್ರಿಯೆಂಟ್ಸ್‌ನಿಂದ ಇಂಟರ್‌ಲಾಕನ್‌ಗೆ ಹೋಗುವ ಸಣ್ಣ ರೈಲಿನಲ್ಲಿ ಪ್ರತಿ ನಿಲ್ದಾಣದ ಹೆಸರನ್ನು ಆರು ವರ್ಷದ ಮಗ ಓದಬೇಕು, ಅಜ್ಜ ಕನ್ನಡದಲ್ಲಿ ಬರೆದುಕೊಳ್ಳುತ್ತಾರೆ. ಎಬ್ಲಿಗನ್, ಓಬರ್‌ರೀಡ್, ನೀಡರ್‌ರೀಡ್, ರಿಂಗನ್‌ಬರ್ಗ್. "ಓಬರ್ ಅಂದ್ರೆ ಏನೋ?" ಅಂತ ಕೇಳಿದರು. ಅವನು ಯೋಚಿಸಿ, ಕೈ ಮೇಲೆತ್ತಿ, "ಮೇಲೆ" ಅಂದ. "ನೀಡರ್?" "ಕೆಳಗೆ." "ಓ, ನಮ್ಮ ಮೇಲಿನ ಕೇರಿ, ಕೆಳಗಿನ ಕೇರಿ ಇದ್ದ ಹಾಗೆ" ಅಂದರು ಅಪ್ಪ. ಅವತ್ತಿನಿಂದ ಅಜ್ಜನಿಗೆ ಊರು ತೋರಿಸುವ ಜವಾಬ್ದಾರಿ ತನ್ನದು ಅಂತ ಮಗ ತಿಳಿದ. ಅಜ್ಜನಿಗೆ ಜರ್ಮನ್ ಬರುವುದಿಲ್ಲ, ಹಾಗಾಗಿ ಕನ್ನಡದಲ್ಲೇ ಹೇಳಬೇಕು. ನಾವು ಎರಡು ವರ್ಷ ಮನೆಯಲ್ಲಿ "ಕನ್ನಡದಲ್ಲಿ ಹೇಳು" ಅಂತ ಗದರಿದ್ದರಿಂದ ಆಗದ್ದು ಆ ವಾರದಲ್ಲಿ ಆಯಿತು.

ಊಟ ಸುಲಭ. ಅಕ್ಕಿ, ಮೊಸರು, ತರಕಾರಿ ಎಲ್ಲ ಕೋಪ್, ಮಿಗ್ರೋಸ್ ಅಂಗಡಿಗಳಲ್ಲಿ ಸಿಗುತ್ತವೆ. ಊರಿಂದ ಚಟ್ನಿಪುಡಿ, ಸಾರಿನ ಪುಡಿ ತಂದರೆ ಸಾಕು. ತುಪ್ಪ, ಖೋವಾ ತರಿಸಬೇಡಿ, ಹಾಲಿನ ಪದಾರ್ಥ ತರುವಂತಿಲ್ಲ. ಅಲ್ಲಿಯ ಬೆಣ್ಣೆ ಕಾಯಿಸಿ ಅಮ್ಮ ತುಪ್ಪ ಮಾಡಿದರು, ಮನೆಯೆಲ್ಲ ಘಮ ಅಂತಿತ್ತು. ಭಾನುವಾರ ಅಂಗಡಿ ಮುಚ್ಚಿರುತ್ತವೆ, ದೊಡ್ಡ ನಿಲ್ದಾಣದೊಳಗಿನವು ಬಿಟ್ಟು. ಶನಿವಾರವೇ ಕೊಂಡಿಡಿ.

ಟಿಕೆಟ್ ವಿಷಯ. ಸ್ವಿಸ್ ಟ್ರಾವೆಲ್ ಪಾಸ್ ಸ್ವಿಟ್ಜರ್‌ಲೆಂಡ್ ನಿವಾಸಿಗಳಿಗೆ ಸಿಗುವುದಿಲ್ಲ, ಹೊರಗಿನಿಂದ ಹೋಗುವ ನಮಗೆ ಸಿಗುತ್ತದೆ. 3, 4, 6, 8, 15 ದಿನಗಳ ಪಾಸ್‌ಗಳಿವೆ. ಅದರಲ್ಲಿ ಹಿರಿಯರಿಗೆ ರಿಯಾಯಿತಿ ಇಲ್ಲ. ಒಂದೇ ಕಡೆ ಉಳಿಯುವವರು ಬರ್ನರ್ ಓಬರ್‌ಲಾಂಡ್ ಪಾಸನ್ನೂ ಹೋಲಿಸಿ ನೋಡಿ. ಆ ಪ್ರದೇಶದ ರೈಲು, ಬಸ್, ಹಡಗು, ಹಲವು ಬೆಟ್ಟದ ರೈಲು ಅದರಲ್ಲಿ ಬರುತ್ತವೆ. ಟ್ರಾವೆಲ್ ಪಾಸ್ ಜೊತೆ ಫ್ಯಾಮಿಲಿ ಕಾರ್ಡ್ ಕೇಳಿ ತೆಗೆದುಕೊಂಡರೆ 6ರಿಂದ 15 ವರ್ಷದ ಮಕ್ಕಳು ಉಚಿತ. ಆದರೆ ಅಪ್ಪ ಅಥವಾ ಅಮ್ಮ ಜೊತೆಗಿರಬೇಕು. ಅಜ್ಜ ಅಜ್ಜಿ ಮಾತ್ರ ಕರೆದುಕೊಂಡು ಹೋದರೆ ಆ ಕಾರ್ಡ್ ನಡೆಯುವುದಿಲ್ಲ.

ಜರ್ಮನಿಯ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಅಲ್ಲಿಗೂ ಸಾಕು. ಬ್ರಿಟನ್‌ನಲ್ಲಿರುವವರು ಅಪ್ಪ ಅಮ್ಮನಿಗೆ ಷೆಂಗೆನ್ ವೀಸಾ ಬೇರೆಯೇ ಮಾಡಿಸಬೇಕು. ವಿಮೆ ಕನಿಷ್ಠ 30,000 ಯೂರೋ ಇರಬೇಕು ಅನ್ನುವುದು ನಿಯಮ. ಹಳೆಯ ಕಾಯಿಲೆಗೆ ಅದು ಅನ್ವಯವಾಗುತ್ತದಾ ಅಂತ ಸಣ್ಣ ಅಕ್ಷರ ಓದಿ, ಹೆಚ್ಚಿನವು ಅದನ್ನು ಬಿಟ್ಟಿರುತ್ತವೆ. ಮಾತ್ರೆಗಳು ಪೂರ್ತಿ ಪ್ರವಾಸಕ್ಕೆ ಆಗುವಷ್ಟು, ಚೀಟಿಯ ಸಮೇತ, ಕೈಚೀಲದಲ್ಲೇ ಇರಲಿ. ಅಂಬುಲೆನ್ಸ್‌ಗೆ 144. ಮೊಬೈಲ್ ರೋಮಿಂಗ್ ಮರೆಯಬೇಡಿ, ಸ್ವಿಟ್ಜರ್‌ಲೆಂಡ್ ಯುರೋಪಿಯನ್ ಯೂನಿಯನ್‌ನಲ್ಲಿ ಇಲ್ಲ, ಬಿಲ್ ಬಂದಾಗ ಗೊತ್ತಾಗುತ್ತದೆ. ನಮ್ಮ ಜರ್ಮನ್ ದಪ್ಪ ಪ್ಲಗ್ ಅಲ್ಲಿಯ ಸಾಕೆಟ್‌ಗೆ ಹೋಗುವುದಿಲ್ಲ, ಸಣ್ಣ ಎರಡು ಪಿನ್ನಿನದು ಹೋಗುತ್ತದೆ. ಬಿಪಿ ಯಂತ್ರ ತರುವವರು ನೋಡಿಕೊಳ್ಳಿ.

ಗ್ಲೇಸಿಯರ್ ಎಕ್ಸ್‌ಪ್ರೆಸ್ ಬಗ್ಗೆಯೂ ಕೇಳಿದ್ದರು. ಜೆರ್ಮಾಟ್‌ನಿಂದ ಸೇಂಟ್ ಮೋರಿಟ್ಸ್‌ಗೆ ಸುಮಾರು ಎಂಟು ಗಂಟೆ, ಸೀಟು ಕಾದಿರಿಸಲೇಬೇಕು, ಕಿಟಕಿ ತೆರೆಯುವುದಿಲ್ಲ. ಬೆನ್ನು ನೋವಿರುವವರಿಗೆ ನಾನು ಹೇಳುವುದಿಲ್ಲ. ಅದೇ ಹಳಿಯ ಮೇಲೆ ಸಾಮಾನ್ಯ ರೈಲುಗಳೂ ಓಡುತ್ತವೆ. ಬೇಕಾದಷ್ಟು ದೂರ ಹೋಗಿ ಇಳಿದು ಊಟ ಮಾಡಿ ವಾಪಸ್ ಬರಬಹುದು.

ಮುಂದಿನ ಜೂನ್‌ನಲ್ಲಿ ಅತ್ತೆ ಬರ್ತಿದ್ದಾರೆ. ಅವರಿಗೆ ಒಂದು ಮಂಡಿ ಆಪರೇಷನ್ ಆಗಿದೆ. ಬ್ರಿಯೆಂಟ್ಸ್‌ನಲ್ಲಿ ಅದೇ ಮನೆ ಕೇಳಿದ್ದೇವೆ, ಎರಡನೇ ವಾರ. ಪ್ರಶ್ನೆ ಕೇಳಿದವರ ಅಪ್ಪ ಅಮ್ಮ ಆಗ ಇಲ್ಲೇ ಇದ್ದರೆ ತಾರೀಕು ಹೇಳಿ. ಒಂದು ದಿನ ಹಡಗಿನಲ್ಲಿ ಎಲ್ಲರೂ ಒಟ್ಟಿಗೆ ಹೋಗೋಣ, ಮೊಸರನ್ನ ನಾನು ತರುತ್ತೇನೆ.