ಸೂರ್ಯಕೇಂದ್ರ ಸಿದ್ಧಾಂತ ಒಪ್ಪಲು ಅಷ್ಟು ತಡವಾದದ್ದು ಚರ್ಚ್ ಒಂದರಿಂದಲೇ?

ಕೊಡಚಾದ್ರಿ:
ನಮಗೆಲ್ಲ ಗೊತ್ತಿರುವ ಕಥೆ ಇಷ್ಟು. 1543ರಲ್ಲಿ ಕೊಪರ್ನಿಕಸ್ ಪುಸ್ತಕ ಬಂತು, ಭೂಮಿಯೇ ಸೂರ್ಯನ ಸುತ್ತ ಸುತ್ತುತ್ತದೆ ಎಂದಿತು. ಚರ್ಚ್ ಅದನ್ನು ಅದುಮಿತು. 1633ರಲ್ಲಿ ಗೆಲಿಲಿಯೋನನ್ನು ಮಂಡಿಯೂರಿಸಿ ಅವನ ಮಾತನ್ನು ವಾಪಸ್ ತೆಗೆಸಿದರು. ಇದೆಲ್ಲ ನಡೆದದ್ದೇ. ಆದರೆ ಇದು ಅರ್ಧ ಕಥೆ ಅಂತ ನನ್ನ ವಾದ. ಚರ್ಚ್ ಸುಮ್ಮನಿದ್ದಿದ್ದರೂ ಆ ಕಾಲದ ಹೆಚ್ಚಿನ ಖಗೋಳಜ್ಞರು ಒಪ್ಪುತ್ತಿರಲಿಲ್ಲ. ಸಾಕ್ಷಿ ಇರಲಿಲ್ಲ, ಅಷ್ಟೇ.

ಬಿಡಿಮಾತು:
ಒಪ್ಪಲ್ಲ ಸರ್. 1616ರಲ್ಲಿ ಕೊಪರ್ನಿಕಸ್ ಪುಸ್ತಕವನ್ನು ತಿದ್ದುವ ತನಕ ಓದಬಾರದು ಎಂದು ರೋಮ್ ಹೇಳಿತು. 1619ರಲ್ಲಿ ಕೊಪರ್ನಿಕಸ್ ಪಕ್ಷ ಹಿಡಿದ ಜರ್ಮನ್ ಖಗೋಳಜ್ಞ ಕೆಪ್ಲರನ ಪುಸ್ತಕವೊಂದು ನಿಷೇಧದ ಪಟ್ಟಿಗೆ ಸೇರಿತು. ಗೆಲಿಲಿಯೋ 1642ರಲ್ಲಿ ಸಾಯುವವರೆಗೂ ಗೃಹಬಂಧನದಲ್ಲೇ ಇದ್ದ. ಈ ಪುಸ್ತಕಗಳು ಪಟ್ಟಿಯಿಂದ ಪೂರ್ತಿ ಹೊರಬಂದದ್ದು 1835ರಲ್ಲಿ. ಇದಕ್ಕಿಂತ ದೊಡ್ಡ ಕಾರಣ ಬೇಕಾ?

ಕೊಡಚಾದ್ರಿ:
ಇಸವಿಗಳನ್ನು ಸ್ವಲ್ಪ ಗಮನಿಸಿ. 1543ರಿಂದ 1616ರವರೆಗೆ 73 ವರ್ಷ ಆ ಪುಸ್ತಕಕ್ಕೆ ರೋಮ್‌ನಿಂದ ನಿಷೇಧವೇ ಇರಲಿಲ್ಲ. ಕೊಪರ್ನಿಕಸ್ ಅದನ್ನು ಅರ್ಪಿಸಿದ್ದೇ ಪೋಪ್ ಮೂರನೇ ಪಾಲ್‌ಗೆ. ಅಷ್ಟು ವರ್ಷದಲ್ಲಿ ಭೂಮಿ ನಿಜವಾಗಿ ಚಲಿಸುತ್ತದೆ ಎಂದು ಒಪ್ಪಿದವರು ಬೆರಳೆಣಿಕೆಯಷ್ಟು ಜನ. ರೈನ್‌ಹೋಲ್ಡ್ ಎಂಬ ಜರ್ಮನ್ ಗಣಿತಜ್ಞ 1551ರಲ್ಲಿ ಕೊಪರ್ನಿಕಸ್‌ನ ಲೆಕ್ಕ ಬಳಸಿಯೇ ಗ್ರಹಗಳ ಕೋಷ್ಟಕ ಮಾಡಿದ. ಆದರೂ ಭೂಮಿ ಚಲಿಸುತ್ತದೆ ಎಂಬ ಪಕ್ಷವನ್ನು ಹಿಡಿಯಲಿಲ್ಲ. ಲೆಕ್ಕ ಬೇಕು, ಭೂಮಿಯ ಚಲನೆ ಬೇಡ. ಆಗ ಬಹಳ ಜನರ ನಿಲುವು ಇದೇ.

ಪಡುವಣ:
ನಮ್ಮ ಆರ್ಯಭಟ ಇದನ್ನು ಸಾವಿರ ವರ್ಷ ಮೊದಲೇ ಹೇಳಿದ್ದನಲ್ಲ? ಅದನ್ನು ಯಾರೂ ಎತ್ತುವುದೇ ಇಲ್ಲ. ಬೇಸರವಾಗುತ್ತದೆ.

ಗಣಿತಪ್ರಿಯೆ:
ಪಡುವಣ ಅವರೇ, ಎತ್ತೋಣ, ಆದರೆ ಸರಿಯಾಗಿ ಎತ್ತೋಣ. ಆರ್ಯಭಟ 499ರಲ್ಲಿ ಹೇಳಿದ್ದು ಭೂಮಿ ತನ್ನ ಅಕ್ಷದ ಮೇಲೆ ತಿರುಗುತ್ತದೆ ಎಂದು. ದೋಣಿಯಲ್ಲಿ ಮುಂದೆ ಹೋಗುವವನಿಗೆ ದಡದ ಮರಗಳು ಹಿಂದೆ ಹೋದಂತೆ ಕಾಣುತ್ತವೆ, ನಕ್ಷತ್ರಗಳು ಪಶ್ಚಿಮಕ್ಕೆ ಸರಿಯುವುದೂ ಹಾಗೇ ಎಂದ. ಎಂಥಾ ಹೊಳಹು! ಆದರೆ ಅವನ ಲೆಕ್ಕದಲ್ಲಿ ಗ್ರಹಗಳು ಭೂಮಿಯ ಸುತ್ತಲೇ ಇವೆ. ಸೂರ್ಯನನ್ನು ನಡುವೆ ಇಟ್ಟವನು ಅವನಿಗಿಂತ ಏಳು ಶತಮಾನ ಹಿಂದಿನ ಗ್ರೀಕ್, ಸೇಮೋಸ್ ದ್ವೀಪದ ಅರಿಸ್ಟಾರ್ಕಸ್. ಅವನ ಆ ಬರಹ ಉಳಿದಿಲ್ಲ. ಆರ್ಕಿಮಿಡೀಸ್ ಹೇಳಿರುವುದರಿಂದ ನಮಗೆ ಗೊತ್ತು.

ಇನ್ನೊಂದು ಹೆಸರು ನೀವು ಎತ್ತಬೇಕಿತ್ತು: ಕೇರಳದ ನೀಲಕಂಠ ಸೋಮಯಾಜಿ. 1500ರ ಸುಮಾರಿಗೆ ಬುಧ, ಶುಕ್ರರ ಲೆಕ್ಕವನ್ನು ಸರಿಪಡಿಸಿದ. ವಿದ್ವಾಂಸರು ಅವನ ಬರಹವನ್ನು ಓದುವ ಪ್ರಕಾರ ಐದು ಗ್ರಹಗಳೂ ಸೂರ್ಯನ ಸುತ್ತ, ಸೂರ್ಯ ಭೂಮಿಯ ಸುತ್ತ. ಡೆನ್ಮಾರ್ಕಿನ ಟೈಕೋ ಬ್ರಾಹೆ ಇಂಥದ್ದೇ ಚಿತ್ರವನ್ನು ಪ್ರಕಟಿಸಿದ್ದು 1588ರಲ್ಲಿ.

ಕೊಡಚಾದ್ರಿ:
ಮೇಡಂ, ನನ್ನ ವಾದಕ್ಕೆ ಇದು ದೊಡ್ಡ ಆಧಾರ. ಆರ್ಯಭಟನ ಮಾತನ್ನು ನಮ್ಮಲ್ಲಿ ಒಪ್ಪಿದರಾ? ವರಾಹಮಿಹಿರ ತಳ್ಳಿಹಾಕಿದ. ಭೂಮಿ ತಿರುಗುವುದಾದರೆ ಹಾರಿಹೋದ ಹಕ್ಕಿ ಗೂಡಿಗೆ ಹೇಗೆ ವಾಪಸ್ ಬರುತ್ತದೆ ಎಂದು ಕೇಳಿದ. ಬ್ರಹ್ಮಗುಪ್ತನೂ ಒಪ್ಪಲಿಲ್ಲ. ಇಲ್ಲಿ ಪೋಪ್ ಇರಲಿಲ್ಲ, ನಿಷೇಧದ ಪಟ್ಟಿಯೂ ಇರಲಿಲ್ಲ. ಹಕ್ಕಿಯ ಪ್ರಶ್ನೆಗೆ ಉತ್ತರ ಕೊಡುವ ಚಲನೆಯ ಶಾಸ್ತ್ರ ಆಗ ಎಲ್ಲೂ ಇರಲಿಲ್ಲ. ಗೆಲಿಲಿಯೋ ಅದಕ್ಕೆ ಬುನಾದಿ ಹಾಕಿದ, 1687ರಲ್ಲಿ ನ್ಯೂಟನ್ ಕಟ್ಟಿ ಮುಗಿಸಿದ.

ಪಡುವಣ:
ಸರಿ, ಇದು ಹೇಳಿ. ಪಂಚಾಂಗದವರು ಭೂಮಿಯನ್ನು ನಡುವೆ ಇಟ್ಟೇ ಗ್ರಹಣ ಹೇಳುತ್ತಾರೆ. ಮಂಗಳ ಯಾವಾಗ ವಕ್ರಿಯಾಗುತ್ತಾನೆ ಅಂತಲೂ ಹೇಳುತ್ತಾರೆ. ಲೆಕ್ಕ ಸರಿ ಬರುವಾಗ ಆ ಮಾದರಿ ತಪ್ಪು ಹೇಗಾಗುತ್ತದೆ?

ಗಣಿತಪ್ರಿಯೆ:
ಒಳ್ಳೆಯ ಪ್ರಶ್ನೆ. ಭೂಮಿಯಿಂದ ನೋಡಿದಾಗ ಯಾವ ದಿಕ್ಕಿನಲ್ಲಿ ಕಾಣುತ್ತದೆ ಎಂಬುದಷ್ಟೇ ಬೇಕಾದರೆ ಯಾವುದನ್ನು ನಡುವೆ ಇಟ್ಟರೂ ಲೆಕ್ಕ ಹೊಂದಿಸಬಹುದು. ಕೊಪರ್ನಿಕಸ್‌ಗೂ ಇದೇ ತೊಡಕು. ಅವನೂ ವೃತ್ತಗಳನ್ನು ಬಿಡಲಿಲ್ಲ, ವೃತ್ತದ ಮೇಲೆ ಪುಟ್ಟ ವೃತ್ತ ಸೇರಿಸಿದ. ಅವನ ಲೆಕ್ಕ, ಭೂಮಿಯನ್ನು ನಡುವೆ ಇಟ್ಟ ಪುರಾತನ ಖಗೋಳಜ್ಞ ಟಾಲೆಮಿಯದಕ್ಕಿಂತ ಹೇಳಿಕೊಳ್ಳುವಷ್ಟು ನಿಖರವಾಗಿರಲಿಲ್ಲ. ಆದರೆ ಅವನಲ್ಲಿ ವಕ್ರಗತಿಗೆ ಬೇರೆ ಏರ್ಪಾಡು ಬೇಡ. ನಮ್ಮ ಭೂಮಿ ಮಂಗಳನನ್ನು ಹಿಂದೆ ಹಾಕುವಾಗ ಅವನು ಹಿಂದಕ್ಕೆ ಸರಿದಂತೆ ಕಾಣಲೇಬೇಕು. ಕೆಪ್ಲರ್ ಮನಸೋತದ್ದು ಇಂಥ ಜೋಡಣೆಗೆ.

ಕೊಡಚಾದ್ರಿ:
ಈಗ ಟೈಕೋ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಅವನನ್ನು ಹಳೇ ಕಾಲದವನು ಎಂದು ಬದಿಗೆ ಸರಿಸುವುದು ಅನ್ಯಾಯ. ಅವನು ಪ್ರಾಟೆಸ್ಟೆಂಟ್ ನಾಡಿನವನು, ರೋಮ್‌ಗೆ ಹೆದರಬೇಕಿರಲಿಲ್ಲ. ದೂರದರ್ಶಕವಿಲ್ಲದೆ ಸುಮಾರು ಒಂದು ಆರ್ಕ್ ಮಿನಿಟ್, ಅಂದರೆ ಒಂದು ಡಿಗ್ರಿಯ 60ನೇ ಒಂದು ಭಾಗದವರೆಗೆ ಅಳೆದವನು. ಅವನ ಪ್ರಶ್ನೆ ಇದು: ಭೂಮಿ ಸೂರ್ಯನ ಸುತ್ತುವುದಾದರೆ ಆರು ತಿಂಗಳಲ್ಲಿ ನಾವು ಕಕ್ಷೆಯ ಆ ತುದಿಗೆ ಹೋಗಿರುತ್ತೇವೆ. ಆಗ ನಕ್ಷತ್ರ ಸ್ವಲ್ಪವಾದರೂ ಸರಿಯಬೇಕಲ್ಲ? ಬೆರಳನ್ನು ಮುಂದೆ ಹಿಡಿದು ಒಂದೊಂದೇ ಕಣ್ಣು ಮುಚ್ಚಿದರೆ ಬೆರಳು ಸರಿಯುತ್ತದೆ, ಹಾಗೆ. ಇದೇ ಪ್ಯಾರಲಾಕ್ಸ್. ಟೈಕೋಗೆ ಅದು ಕಾಣಲೇ ಇಲ್ಲ.

ನಕ್ಷತ್ರಗಳು ಬಹಳ ದೂರ ಎನ್ನಬಹುದು. ಆದರೆ ಬರಿಗಣ್ಣಿಗೆ ನಕ್ಷತ್ರಕ್ಕೂ ಒಂದು ಗಾತ್ರ ಇದ್ದಂತೆ ಕಾಣುತ್ತದೆ. ಅಷ್ಟು ದೂರದಲ್ಲಿದ್ದೂ ಹಾಗೆ ಕಾಣಬೇಕಾದರೆ ಅದು ಸೂರ್ಯನಿಗಿಂತ ಊಹೆಗೂ ಮೀರಿ ದೊಡ್ಡದಾಗಿರಬೇಕು. ಆ ಗಾತ್ರ ಬೆಳಕಿನ ಗುಣದಿಂದಾಗುವ ತೋರಿಕೆ ಎಂದು ಸ್ಪಷ್ಟವಾದದ್ದು 19ನೇ ಶತಮಾನದಲ್ಲಿ. ಟೈಕೋನ ತರ್ಕದಲ್ಲಿ ಲೋಪ ಎಲ್ಲಿದೆ ತೋರಿಸಿ.

ಬಿಡಿಮಾತು:
1610ರಲ್ಲಿ ಗೆಲಿಲಿಯೋ ದೂರದರ್ಶಕದಲ್ಲಿ ಶುಕ್ರನನ್ನು ನೋಡಿದ. ಚಂದ್ರನ ಹಾಗೆ ಅವನಿಗೂ ವೃದ್ಧಿ ಕ್ಷಯ ಇತ್ತು. ಅದು ಸಾಕ್ಷಿ ಅಲ್ವಾ?

ಗಣಿತಪ್ರಿಯೆ:
ಟಾಲೆಮಿಯನ್ನು ಕೆಡವಲು ಸಾಕು. ಶುಕ್ರ ಸೂರ್ಯನನ್ನು ಸುತ್ತುತ್ತಾನೆ ಎಂದು ಅದು ತೋರಿಸಿತು. ಆದರೆ ಟೈಕೋ ಮಾದರಿಯಲ್ಲೂ ಶುಕ್ರ ಸೂರ್ಯನ ಸುತ್ತಲೇ! ಹಾಗಾಗಿ ಆ ಮಾದರಿ ಹಾಗೇ ಉಳಿಯಿತು. ತಕ್ಕಡಿ ವಾಲಿದ್ದು ಕೆಪ್ಲರನಿಂದ. ಟೈಕೋನ ಅಳತೆಗೂ ತನ್ನ ಲೆಕ್ಕಕ್ಕೂ ಮಂಗಳನ ವಿಷಯದಲ್ಲಿ ಬರೀ 8 ಆರ್ಕ್ ಮಿನಿಟ್ ವ್ಯತ್ಯಾಸ ಬಂತು ಎಂದು ಅವನು ವೃತ್ತವನ್ನೇ ಬಿಟ್ಟ. 1609ರಲ್ಲಿ ದೀರ್ಘವೃತ್ತ ಕೊಟ್ಟ. 1631ರ ನವೆಂಬರ್ 7ರಂದು ಬುಧ ಸೂರ್ಯನ ಮುಂದೆ ಹಾಯುತ್ತಾನೆ ಎಂದು ಮೊದಲೇ ತಿಳಿಸಿದ್ದ. ಅದನ್ನು ಪ್ಯಾರಿಸ್ಸಿನಲ್ಲಿ ಕಂಡವನು ಗಸೆಂಡಿ ಎಂಬ ಕ್ಯಾಥೊಲಿಕ್ ಪಾದ್ರಿ. ಕೆಪ್ಲರ್ ಹಿಂದಿನ ವರ್ಷವೇ ತೀರಿಕೊಂಡಿದ್ದ.

ಬಿಡಿಮಾತು:
ಸಾಕ್ಷಿ ಕಡಿಮೆ ಇತ್ತು ಎಂಬುದು ಸರಿ ಅಂತಲೇ ಇಟ್ಟುಕೊಳ್ಳೋಣ. ಆದರೆ ಟೈಕೋ ಒಪ್ಪದಿರುವುದೂ ರೋಮ್ ಬಾಯಿ ಮುಚ್ಚಿಸುವುದೂ ಒಂದೇ ಅಲ್ಲ. ಟೈಕೋ ವಾದ ಹೂಡಿದ, ಅದಕ್ಕೆ ಉತ್ತರ ಹುಡುಕಬಹುದಿತ್ತು. 1633ರ ತೀರ್ಪು ಕೇಳಿ ಫ್ರೆಂಚ್ ತತ್ತ್ವಜ್ಞಾನಿ ಡೆಕಾರ್ಟ್ ತನ್ನ ಪುಸ್ತಕವನ್ನು ಅಚ್ಚಿಗೆ ಕೊಡಲೇ ಇಲ್ಲ. ಅದೂ ಹಾಲೆಂಡಿನಲ್ಲಿ ಕೂತು! ಹೆದರಿಕೆ ಎಷ್ಟು ದೂರ ಹೋಗಿತ್ತು ನೋಡಿ. ಸಾಕ್ಷಿ ತಾನಾಗಿ ಬರುವುದಿಲ್ಲ, ಯಾರಾದರೂ ಹುಡುಕಬೇಕು. ಹುಡುಕುವವರನ್ನು ತಡೆದವರಿಗೆ ಸಾಕ್ಷಿ ಇರಲಿಲ್ಲ ಎಂಬ ರಿಯಾಯಿತಿ ನಾನು ಕೊಡುವುದಿಲ್ಲ.

ಕೊಡಚಾದ್ರಿ:
ರಿಯಾಯಿತಿ ನಾನೂ ಕೊಡುತ್ತಿಲ್ಲ. ಗೆಲಿಲಿಯೋಗೆ ಮಾಡಿದ್ದು ಅನ್ಯಾಯವೇ. ನನ್ನ ಕಾಳಜಿ ಟೈಕೋ, ವರಾಹಮಿಹಿರ ಅಂಥವರ ಬಗ್ಗೆ. ಅವರು ಮೊಂಡರಲ್ಲ. ಅವರು ಕೇಳಿದ ಸಾಕ್ಷಿ ಸಿಗಲು ಎಷ್ಟು ಕಾಲ ಬೇಕಾಯಿತು ನೋಡಿ. 1728ರ ಹೊತ್ತಿಗೆ ಇಂಗ್ಲೆಂಡಿನ ಬ್ರ್ಯಾಡ್ಲಿ ಪ್ಯಾರಲಾಕ್ಸ್ ಹುಡುಕಲು ಹೋಗಿ ಬೇರೊಂದನ್ನು ಕಂಡ. ಭೂಮಿ ಓಡುತ್ತಿರುವುದರಿಂದ ನಕ್ಷತ್ರದ ಬೆಳಕೇ ಸುಮಾರು 20 ಆರ್ಕ್ ಸೆಕೆಂಡ್ (ಆರ್ಕ್ ಮಿನಿಟಿನ 60ನೇ ಒಂದು ಭಾಗವೇ ಆರ್ಕ್ ಸೆಕೆಂಡ್) ವಾಲಿದಂತೆ ಕಾಣುತ್ತಿತ್ತು. ಭೂಮಿ ಚಲಿಸುತ್ತದೆ ಎಂಬುದಕ್ಕೆ ಮೊದಲ ನೇರ ಸಾಕ್ಷಿ ಅದು. ಟೈಕೋ ಹುಡುಕಿದ ಪ್ಯಾರಲಾಕ್ಸ್ ಸಿಕ್ಕಿದ್ದು 1838ರಲ್ಲಿ, ಜರ್ಮನಿಯ ಬೆಸೆಲ್‌ಗೆ. ಹಂಸ ನಕ್ಷತ್ರಪುಂಜದ 61ನೇ ನಕ್ಷತ್ರದಲ್ಲಿ, ಒಂದು ಆರ್ಕ್ ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತಲೂ ಸ್ವಲ್ಪ ಕಡಿಮೆ. ಟೈಕೋನ ಉಪಕರಣ ಅಳೆಯಬಲ್ಲದ್ದಕ್ಕಿಂತ ಸುಮಾರು 200 ಪಟ್ಟು ಸಣ್ಣ ಕೋನ.

ಪಡುವಣ:
ಅಂದರೆ ನಿಷೇಧದ ಪಟ್ಟಿಯಿಂದ ಪುಸ್ತಕ ತೆಗೆದ ಮೂರು ವರ್ಷದ ಮೇಲೆ ಪ್ಯಾರಲಾಕ್ಸ್ ಸಿಕ್ಕಿತು ಅನ್ನಿ. ನೀಲಕಂಠ ಸೋಮಯಾಜಿ ಬಗ್ಗೆ ಇನ್ನಷ್ಟು ಬರೆಯಿರಿ ಮೇಡಂ, ಅದನ್ನೇ ಬೇರೆ ಚರ್ಚೆಯಾಗಿ ಶುರು ಮಾಡಿದರೂ ಸರಿ.