ಅಪಘಾತಕ್ಕೆ ಕೊಟ್ಟ ಇಂಜೆಕ್ಷನ್ ರಕ್ತ ವಾಂತಿಗೆ ಯಾಕೆ ಕೊಡಲಿಲ್ಲ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಬದಿಯಡ್ಕದ ಹತ್ತಿರ. ಭಾವ ಬೈಕಿನಿಂದ ಬಿದ್ದು ತೊಡೆಯ ಎಲುಬು ಮುರಿದಾಗ ಇಲ್ಲಿನ ಸಣ್ಣ ಆಸ್ಪತ್ರೆಯವರು ಮಂಗಳೂರಿಗೆ ಕಳಿಸುವ ಮೊದಲೇ ರಕ್ತ ಹೋಗುವುದನ್ನು ಕಡಿಮೆ ಮಾಡುವ ಟ್ರಾನೆಕ್ಸಾಮಿಕ್ ಆಸಿಡ್ ಇಂಜೆಕ್ಷನ್ ಕೊಟ್ಟರು. ಚೀಟಿಯಲ್ಲಿ ಕೊಟ್ಟ ಹೊತ್ತು ಸಹಿತ "1 ಗ್ರಾಂ, 6.50" ಅಂತ ಬರೆದಿದ್ದರು. ಮೊನ್ನೆ ಮಾವ ರಕ್ತ ವಾಂತಿ ಮಾಡಿದಾಗ ಅದನ್ನೇ ಕೇಳಿದೆ, ಕೊಡಲಿಲ್ಲ. ಎರಡೂ ಕಡೆ ಹೋಗುವುದು ರಕ್ತವೇ ಅಲ್ವಾ?

ಉತ್ತರ: ಹೌದಕ್ಕ, ರಕ್ತವೇ. ಆದರೆ ಎರಡಕ್ಕೂ ಈ ಮದ್ದಿನ ಬೇರೆ ಬೇರೆ ಅಧ್ಯಯನ ಆಗಿದೆ, ಉತ್ತರವೂ ಬೇರೆ ಬಂದಿದೆ.

ದೊಡ್ಡ ಗಾಯ ಆದಾಗ ಕಟ್ಟಿದ ಹೆಪ್ಪನ್ನು ಶರೀರವೇ ಬೇಗ ಕರಗಿಸಲು ಶುರು ಮಾಡುತ್ತದೆ, ಈ ಮದ್ದು ಅದನ್ನು ತಡೆಯುತ್ತದೆ. 2010ರಲ್ಲಿ ಬಂದ ಕ್ರ್ಯಾಶ್-2 ಅಧ್ಯಯನದಲ್ಲಿ 40 ದೇಶಗಳ 20 ಸಾವಿರಕ್ಕೂ ಜಾಸ್ತಿ ಗಾಯಾಳುಗಳಿದ್ದರು, ನಮ್ಮ ದೇಶದವರೂ ಇದ್ದರು. ಮದ್ದು ಸಿಕ್ಕವರಲ್ಲಿ ನೂರಕ್ಕೆ 14.5 ಜನ ತೀರಿಕೊಂಡರು, ಸಿಗದವರಲ್ಲಿ 16. ಇಷ್ಟೇನಾ ಅನಿಸಬಹುದು. ಲೆಕ್ಕ ಹಾಕಿ ನೋಡಿ, ಸುಮಾರು 67 ಜನರಿಗೆ ಕೊಟ್ಟರೆ ಒಂದು ಜೀವ ಜಾಸ್ತಿ ಉಳಿಯುತ್ತದೆ, ಅದೂ ಅಗ್ಗದ ಮದ್ದಿನಿಂದ. ನನಗಂತೂ ಅದು ಸಣ್ಣದಲ್ಲ.

ಹೊಟ್ಟೆ, ಕರುಳಿನ ರಕ್ತಸ್ರಾವಕ್ಕೂ ಹೀಗೇ ಆಗಬಹುದು ಅಂತ ನಾವೆಲ್ಲ ಅಂದುಕೊಂಡಿದ್ದೆವು. 2020ರಲ್ಲಿ ಹಾಲ್ಟ್-ಇಟ್ ಅನ್ನುವ ಅಧ್ಯಯನ ಬಂತು, 12 ಸಾವಿರ ರೋಗಿಗಳು. ಸಾವು ಕಡಿಮೆ ಆಗಲಿಲ್ಲ. ಬದಲಿಗೆ ಕಾಲಿನ, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಕಟ್ಟುವುದು ನೂರಕ್ಕೆ 0.4 ಇದ್ದದ್ದು 0.8 ಆಯಿತು. ಹಾಗಾಗಿ ಕೊಡದೇ ಇದ್ದದ್ದು ಸರಿಯೇ. ಮಾವನಿಗೆ ಬೇಕಾದದ್ದು ಬೇಗ ಎಂಡೋಸ್ಕೋಪಿ, ಅಂದರೆ ಬಾಯಿಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ ಹೊಟ್ಟೆಯೊಳಗೆ ನೋಡುವುದು.

ಇನ್ನೊಬ್ಬರು: ಹಾಗಾದ್ರೆ ಅಪಘಾತದವರಿಗೆ ಮಂಗಳೂರು ಮುಟ್ಟಿದ ಮೇಲೆ ಕೊಟ್ಟರೆ ಸಾಲದಾ? ಕಾಸರಗೋಡಿನಿಂದ 50 ಕಿಲೋಮೀಟರ್ ಅಷ್ಟೇ.

ಉತ್ತರ: ಅಷ್ಟೇ ಅಂತೀರಿ ಮಾರಾಯ್ರೇ, ಬಿದ್ದವರನ್ನು ಎತ್ತಿ, ಗಾಡಿ ಸಿಕ್ಕಿ, ತಲಪಾಡಿ ಗಡಿ ದಾಟುವಾಗ ಎಷ್ಟು ಹೊತ್ತಾಗಿರುತ್ತದೆ? 2011ರಲ್ಲಿ ಅದೇ ಕ್ರ್ಯಾಶ್-2ರ ಅಂಕಿಗಳನ್ನು ಗಂಟೆ ಲೆಕ್ಕದಲ್ಲಿ ಬಿಡಿಸಿ ನೋಡಿದರು. ಒಂದು ಗಂಟೆಯೊಳಗೆ ಕೊಟ್ಟರೆ ರಕ್ತ ಹೋಗಿ ಸಾಯುವವರು ನೂರಕ್ಕೆ 7.7 ಇದ್ದದ್ದು 5.3ಕ್ಕೆ ಇಳಿಯಿತು. ಮೂರು ಗಂಟೆ ದಾಟಿ ಕೊಟ್ಟವರಲ್ಲಿ ಉಲ್ಟಾ, 3.1 ಇದ್ದದ್ದು 4.4 ಆಯಿತು. ಗುಂಪು ಒಡೆದು ನೋಡಿದ ಲೆಕ್ಕವನ್ನು ನಾನು ಸುಲಭಕ್ಕೆ ನಂಬುವವನಲ್ಲ, ಆದರೆ ಇದನ್ನು ನಂಬುತ್ತೇನೆ. ಯಾಕೆಂದರೆ ರಕ್ತ ಹೋಗಿ ಸಾಯುವವರಲ್ಲಿ ಹೆಚ್ಚಿನವರು ಮೊದಲ ಕೆಲವು ಗಂಟೆಗಳಲ್ಲೇ ಸಾಯುತ್ತಾರೆ.

ಮೊದಲನೇ ಪ್ರಶ್ನೆ ಕೇಳಿದವರು: ಆ 6.50ರ ಚೀಟಿ ಕಾರಿನಲ್ಲೇ ಉಳಿದಿತ್ತು ಡಾಕ್ಟ್ರೇ, ಯಾರಿಗೂ ತೋರಿಸಲಿಲ್ಲ.

ಉತ್ತರ: ಅಯ್ಯೋ. ಮೊದಲ ಗ್ರಾಂ 10 ನಿಮಿಷದಲ್ಲಿ ಹೋಗುತ್ತದೆ, ಎರಡನೇ ಗ್ರಾಂ 8 ಗಂಟೆ ನಿಧಾನವಾಗಿ. ಮೊದಲನೆಯದು ಯಾವಾಗ ಹೋಯಿತು ಅಂತ ಅಲ್ಲಿಯವರಿಗೆ ಗೊತ್ತಾಗುವುದು ಆ ಚೀಟಿಯಿಂದಲೇ. ಇನ್ನು ಮುಂದೆ ರೋಗಿಯ ಜೇಬಿಗೇ ಹಾಕಿ. ಬಿದ್ದ ಹೊತ್ತನ್ನೂ ಬರೆಸಿ.