ಇಂಗ್ಲಿಷ್ ಷಷ್ಠೀ ವಿಭಕ್ತಿಯಲ್ಲಿ ಅಪಾಸ್ಟ್ರಫಿಯ ಸ್ಥಾನ ಯಾವುದು?

ಪ್ರಶ್ನೆ: ಒಬ್ಬ ವಿದ್ಯಾರ್ಥಿಯ ಪುಸ್ತಕ ಎನ್ನುವಾಗ ‘ಸ್ಟೂಡೆಂಟ್’ ಪದದ ನಂತರ ಅಪಾಸ್ಟ್ರಫಿ (’ ಚಿಹ್ನೆ) ಹಾಕಿ ಎಸ್ ಬರೆಯುತ್ತೇನೆ. ವಿದ್ಯಾರ್ಥಿಗಳು ಹಲವರಾದಾಗ ಆ ಚಿಹ್ನೆ ಎಲ್ಲಿ ಬರಬೇಕು? ‘ಜೇಮ್ಸ್’ನಂತೆ ಎಸ್‌ನಿಂದಲೇ ಮುಗಿಯುವ ಹೆಸರುಗಳಿಗೆ ನಿಯಮವೇನು? ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ 1: ವಸ್ತು ಯಾರದೋ ಅವರನ್ನು ಸೂಚಿಸುವ ಪದವನ್ನು ಮೊದಲು ಪೂರ್ತಿಯಾಗಿ ಬರೆದುಕೊಳ್ಳಿ, ಅದು ಬಹುವಚನದ ಎಸ್‌ನಿಂದ ಮುಗಿದಿದ್ದರೆ ಕೊನೆಗೆ ಅಪಾಸ್ಟ್ರಫಿಯೊಂದೇ ಸಾಕು, ‘ಚಿಲ್ಡ್ರನ್’ನಂತೆ ಎಸ್ ಇಲ್ಲದ ಬಹುವಚನವಾದರೆ ಅಪಾಸ್ಟ್ರಫಿಯ ಜೊತೆಗೆ ಎಸ್ ಕೂಡ ಬೇಕು. ಜೇಮ್ಸ್ ವಿಷಯದಲ್ಲಿ ಎರಡು ರೂಢಿಗಳಿವೆ: ಪುಸ್ತಕ ಪ್ರಕಾಶಕರು ಬಳಸುವ ಶಿಕಾಗೊ ಶೈಲಿ ಕೈಪಿಡಿಯ ಪ್ರಕಾರ ಅಪಾಸ್ಟ್ರಫಿಯ ನಂತರ ಇನ್ನೊಂದು ಎಸ್ ಬರುತ್ತದೆ, ಅಮೆರಿಕದ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್‌ನ ಶೈಲಿಯಲ್ಲಿ ಬರುವುದಿಲ್ಲ. ಉಚ್ಚಾರಣೆಗೆ ಹೊಂದುವುದರಿಂದ ನನಗೆ ಮೊದಲನೆಯದೇ ಮೆಚ್ಚುಗೆ. ಯಾವುದನ್ನು ಆರಿಸಿಕೊಂಡರೂ ಬರಹದುದ್ದಕ್ಕೂ ಅದನ್ನೇ ಪಾಲಿಸಿ.

ಉತ್ತರ 2: ‘ಹರ್ಸ್’, ‘ದೇರ್ಸ್’ ಮುಂತಾದ ಸರ್ವನಾಮಗಳಿಗೆ ಅಪಾಸ್ಟ್ರಫಿಯೇ ಇಲ್ಲ. ‘ಇಟ್ಸ್’ನಲ್ಲಿ ಅದು ಕಂಡರೆ ‘ಇಟ್ ಈಸ್’ ಅಥವಾ ‘ಇಟ್ ಹ್ಯಾಸ್’ ಎಂದು ಬಿಡಿಸಿ ಓದಬೇಕು. ಪಳಗಿದ ಬರಹಗಾರರೂ ಎಡವುವುದು ಇಲ್ಲೇ.

ಉತ್ತರ 3: ಟಾಮ್ ಮತ್ತು ಮೇರಿ ಇಬ್ಬರಿಗೂ ಸೇರಿದ ಒಂದೇ ಮನೆಯಾದರೆ ಎರಡನೆಯ ಹೆಸರಿಗೆ ಮಾತ್ರ ಅಪಾಸ್ಟ್ರಫಿ ಮತ್ತು ಎಸ್ ಹಚ್ಚುತ್ತಾರೆ, ಇಬ್ಬರ ಮನೆಗಳೂ ಬೇರೆಬೇರೆಯಾದರೆ ಎರಡೂ ಹೆಸರಿಗೆ ಬೇಕು.